ಯಜಮಾನನ ಹೆಸರಿನಲ್ಲಿ

ಕೋಡಿಂಬಾಳದ ರಬ್ಬರ್ ತೋಟ ಮಾರಿದ ಹಣ ಅಚ್ಚುತ ಮತ್ತು ಅವನ ತಂಗಿ, ತಮ್ಮ ಇಬ್ಬರ ಖಾತೆಗಳಿಗೆ ಸಮವಾಗಿ ಬಂದಿತ್ತು. ಅದನ್ನು ಮತ್ತೆ ಅಣ್ಣನ ಖಾತೆಗೆ ಕಳುಹಿಸಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನ ಕಾಲದಿಂದಲೂ ಕುಟುಂಬದ ಹಣ ಇರುತ್ತಿದ್ದುದು ಯಜಮಾನನ ಹೆಸರಿನಲ್ಲೇ. ತಮ್ಮ ಲತೀಶ್ ಕೂಡಲೇ ಕಳುಹಿಸಿದ್ದ. ತಂಗಿ ಹರಿಣಾಕ್ಷಿ ಕಳುಹಿಸಿರಲಿಲ್ಲ.

ಸುಳ್ಯದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳನ್ನು ಅಚ್ಚುತ ಭಾನುವಾರ ಬೆಳ್ಳಾರೆಯ ಮನೆಗೆ ಕರೆಸಿದ. ಲತೀಶನೂ ಅಲ್ಲಿದ್ದ. ಹಣವನ್ನೆಲ್ಲ ಅಮೇರಿಕದ ದೊಡ್ಡ ಕಂಪನಿಗಳ ಷೇರುಗಳನ್ನು ಒಟ್ಟಾಗಿ ಕೊಳ್ಳುವ ಇಂಡೆಕ್ಸ್ ಫಂಡಿನಲ್ಲಿ ಹಾಕುವುದೆಂದು ಅವನು ನಿರ್ಧರಿಸಿದ್ದ.

"ನಿನ್ನದೊಂದೇ ಬಾಕಿ. ಎಂತ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲೆ ಉಂಟು ಅಣ್ಣ. ಆ ಫಂಡ್ ಯಾವ ದೇಶದಲ್ಲಿ ನೋಂದಣಿ ಆದ್ದು ಅಂತ ನೋಡಿದ್ದೀಯಾ?"

"ಅಮೇರಿಕದ ಕಂಪನಿಗಳ ಫಂಡ್ ಮತ್ತೆ ನಮ್ಮ ಸಂಪಾಜೆಯಲ್ಲಿ ನೋಂದಣಿ ಆಗ್ತದಾ?"

ಲತೀಶ್ ನಕ್ಕ.

"ಐರ್ಲೆಂಡಿನಲ್ಲಿ ಆದ್ದೂ ಉಂಟು. ಒಳಗಿರುದು ಅವೇ ಕಂಪನಿಗಳು."

"ಅಲ್ಲಿ ತೆರಿಗೆ ಇಲ್ವಾ ಅಕ್ಕ?" ಎಂದು ಲತೀಶ್ ಕೇಳಿದ.

ಉಂಟು ಎಂದಳು ಹರಿಣಾಕ್ಷಿ. ಅಮೇರಿಕದ ಫಂಡಾದರೆ ಲಾಭಾಂಶ ಕೈಗೆ ಬರುವ ಮೊದಲೇ ನೂರಕ್ಕೆ ಇಪ್ಪತ್ತೈದು ಅಲ್ಲಿ ಕಡಿತವಾಗುತ್ತದೆ. ಸಮಯಕ್ಕೆ ಅರ್ಜಿ ಹಾಕಿದರೆ ಇಲ್ಲಿ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯಬಹುದು. ಐರ್ಲೆಂಡಿನದಕ್ಕೆ ಕಡಿತ ಹದಿನೈದೇ, ಆದರೆ ಕಂಪನಿಗಳು ಫಂಡಿಗೆ ಕೊಡುವಾಗಲೇ ಅದು ಹೋಗಿರುತ್ತದೆ, ಇಲ್ಲಿ ಕಳೆಯಲು ಬರುವುದಿಲ್ಲ.

"ಹಾಗಾದ್ರೆ ಅಮೇರಿಕದ್ದೇ ಒಳ್ಳೆದಲ್ವಾ ಮಾರಾಯ್ತಿ" ಎಂದ ಅಚ್ಚುತ. "ಕೆಮಿಸ್ಟ್ರಿಯವರಿಗೆ ಕೂಡಿಸುದು ಕಳೆಯುದು ಬರುದಿಲ್ವಾ?"

"ಲಾಭಾಂಶದ ಮಟ್ಟಿಗೆ ನೀನು ಹೇಳುದು ಸರಿ ಇರಬಹುದು. ನೀನು ಸತ್ತರೆ ಎಂತ ಆಗ್ತದೆ?"

ಹಿರಿಯರ ಮುಖಕ್ಕೇ ಅಂಥ ಮಾತನ್ನು ಆ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಲತೀಶ್ ಅಂಗಳದ ಕಡೆ ನೋಡತೊಡಗಿದ.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ."

"ಅಮೇರಿಕ ಅದನ್ನೇ ಕೇಳುದು. ಹೊರದೇಶದವ ಸತ್ತಾಗ ಅವನ ಹೆಸರಲ್ಲಿ ಅಲ್ಲಿ ಅರವತ್ತು ಸಾವಿರ ಡಾಲರಿಗಿಂತ ಹೆಚ್ಚಿದ್ರೆ, ಮೇಲಿನದ್ದಕ್ಕೆ ತೆರಿಗೆ. ನೂರಕ್ಕೆ ನಲ್ವತ್ತರ ವರೆಗೂ ಹೋಗ್ತದೆ. ಅಮೇರಿಕದ ಫಂಡ್ ಅಲ್ಲಿನ ಆಸ್ತಿ, ಐರ್ಲೆಂಡಿನದ್ದು ಅಲ್ಲ. ನಮ್ಮ ಪಾಲು ಬೇರೆ ಬೇರೆ ಇದ್ರೆ ಈಗ ಯಾರದ್ದೂ ಆ ಗೆರೆ ಮುಟ್ಟುದಿಲ್ಲ. ಎಲ್ಲ ನಿನ್ನ ಹೆಸರಿಗೆ ಹಾಕಿದ್ರೆ ಮೊದಲ ದಿನವೇ ದಾಟ್ತದೆ."

"ಅಪ್ಪನತ್ರ ಯಾರಾದ್ರೂ ಹೀಗೆ ಕೇಳಿದ್ದುಂಟಾ?"

"ಇಲ್ಲ. ಅಪ್ಪನ ಹಣ ಇಲ್ಲಿಯ ಸಹಕಾರಿ ಸೊಸೈಟಿಯಲ್ಲಿತ್ತು. ಅದು ಯಾರ್ಯಾರದ್ದು ಅಂತ ಸೊಸೈಟಿಯವರಿಗೆ ಗೊತ್ತಿತ್ತು. ಅಮೇರಿಕದವರಿಗೆ ಯಜಮಾನ ಅಂದ್ರೆ ಗೊತ್ತಿಲ್ಲ. ಖಾತೆಯಲ್ಲಿ ಯಾರ ಹೆಸರೋ, ಅವನದ್ದೇ ಹಣ."

"ಕಳಿಸ್ತೀಯಾ ಇಲ್ವಾ?"

"ಕಳಿಸುದಿಲ್ಲ. ನನ್ನ ಹೆಸರಲ್ಲೇ ಐರ್ಲೆಂಡಿನದ್ದು ತೆಗೊಳ್ತೇನೆ. ಮುಂದೆ ಬೆಳೆದು ಆ ಗೆರೆ ದಾಟಿದ್ರೂ ಹೆದರಿಕೆ ಇಲ್ಲ."

"ಮತ್ತೆ ನಷ್ಟ ಆಯ್ತು ಅಂತ ಈ ಮೆಟ್ಟಿಲು ಹತ್ತಬೇಡ."

"ಹತ್ತುದು ಹತ್ತುದೇ, ಇದು ನನ್ನ ಮನೆ. ನಷ್ಟದ ವಿಷಯ ತರುದಿಲ್ಲ."

ಊಟಕ್ಕೆ ಕರೆಯಲು ಬಂದ ಅತ್ತಿಗೆ ಸೇವಂತಿ ಬಾಗಿಲಲ್ಲೇ ನಿಂತಿದ್ದಳು. "ಲತೀಶನದ್ದು ಅವನಿಗೇ ವಾಪಸ್ ಹಾಕಿ" ಎಂದಳು ಗಂಡನಿಗೆ. "ನಾಳೆ ಹೆಚ್ಚುಕಡಿಮೆ ಆದ್ರೆ, ಅದು ಮೈದುನನ ಹಣ ಅಂತ ಅಮೇರಿಕದವರತ್ರ ಸಾಕ್ಷಿ ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ."

ಅಚ್ಚುತ ಎದ್ದು ಮನೆ ಹಿಂದಿನ ಅಡಿಕೆ ತೋಟದ ಕಡೆ ಹೋದ. ಹರಿಣಾಕ್ಷಿ ಕೈ ತೊಳೆದು ಊಟಕ್ಕೆ ಕುಳಿತಳು. ಲತೀಶ್ ಪಕ್ಕದಲ್ಲಿ ಕುಳಿತು ಮೆಲ್ಲಗೆ, "ಆ ಐರ್ಲೆಂಡಿನದ್ದರ ಹೆಸರೆಂತ ಅಕ್ಕ?" ಎಂದ.

"ಮೆಲ್ಲ ಕೇಳ್ಬೇಡ. ಮೊದಲು ಹೋಗಿ ಅಣ್ಣನತ್ರ ನಿನ್ನ ಹಣ ಕೇಳು. ಜೋರಾಗಿ ಕೇಳು."