ಅವಸರ ಮಾಡಿದವ ಕಳ್ಳ

ಕಳ್ಳರಿಗೆ ಬೈಯಲಿಕ್ಕೆ ನನ್ನ ಹತ್ತಿರ ತುಳುವಿನಲ್ಲಿ ಒಳ್ಳೊಳ್ಳೆಯ ಶಬ್ದ ಉಂಟು. ಕನ್ನಡದಲ್ಲಿ ಬೈದರೆ ಅಷ್ಟು ಖಾರ ಬರುವುದಿಲ್ಲ. ಶಾಲೆಯಲ್ಲಿ ಕಲಿತ ಭಾಷೆಯಲ್ವಾ, ಬೈಗುಳವೂ ಪಾಠ ಓದಿದ ಹಾಗೆ ಕೇಳ್ತದೆ. ಆದರೂ ನಿಮಗೆ ಗೊತ್ತಾಗಬೇಕಲ್ಲ, ಹಾಗಾಗಿ ಕನ್ನಡದಲ್ಲೇ ಹೇಳ್ತೇನೆ.

ನಾನು ಕಾವೇರಮ್ಮ. ವಾಮದಪದವಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಾನು ಬೀಡಿ ಕಟ್ಟುವವಳು. ನನ್ನ ಗಂಡ ತುಕ್ರಪ್ಪ ರಬ್ಬರ್ ಟ್ಯಾಪಿಂಗಿಗೆ ಹೋಗ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅದೂ ನಿಂತಿತು. ವಾರಕ್ಕೆ ಎರಡು ಸಲ ಸಿದ್ದಕಟ್ಟೆ ದಾರಿಯ ಬಸ್ಸು ಹಿಡಿದು ಮೂಡಬಿದ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸುವುದು, ಬಂದು ಮಲಗುವುದು. ನನ್ನ ಕಿಡ್ನಿ ಕೊಡುವ ಅಂದರೆ ನನಗೆ ಸಕ್ಕರೆ ಕಾಯಿಲೆ. ಮಗಳು ಕೊಡ್ತೇನೆ ಅಂತ ಹಟ ಹಿಡಿದಳು, ಅವಳ ರಕ್ತದ ಗುಂಪು ಇವರಿಗೆ ಆಗುವುದಿಲ್ಲ. ಕೊನೆಗೆ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿದೆವು. ಯಾರಾದರೂ ತೀರಿಹೋಗಿ, ಅವರ ಮನೆಯವರು ಒಪ್ಪಿ, ಇವರ ಸರದಿ ಬಂದರೆ ಫೋನ್ ಬರ್ತದೆ. ಆ ಫೋನಿಗೆ ಕಾಯುವುದೇ ನಮ್ಮ ಬದುಕು ಆಯಿತು.

ಮಗಳು ಅಂದರೆ ವಿಸ್ಮಿತಾ, ಒಬ್ಬಳೇ. ಜಂಕ್ಷನಿನಲ್ಲಿ ಉಮ್ಮರ್ ಅವರ ಸೈಬರ್ ಅಂಗಡಿಯಲ್ಲಿ ಕೆಲಸ. ಪಹಣಿ, ರೇಷನ್ ಕಾರ್ಡು, ಪಾಸ್‌ಪೋರ್ಟ್ ಫೋಟೋ ಎಲ್ಲ ಅವಳ ಕೈಯಲ್ಲೇ. ಅಂಗಡಿಯ ಒಂದು ಹಳೆ ಲ್ಯಾಪ್‌ಟಾಪು ಮನೆಯಲ್ಲಿ ಇತ್ತು. ಅಪ್ಪನ ಆಸ್ಪತ್ರೆ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರಲ್ಲಿ ಇಟ್ಟಿದ್ದಳು, ಕಾಗದ ಗೆದ್ದಲಿಗೆ ಹೋದರೆ ಕಷ್ಟ ಅಂತ.

ಒಂದು ದಿನ ಇವರು ಅದರಲ್ಲಿ ಕಂಬಳದ ವಿಡಿಯೋ ನೋಡ್ತಾ ಕೂತಿದ್ದರು. ಎಲ್ಲಿ ಒತ್ತಿದರೋ ದೇವರಿಗೇ ಗೊತ್ತು. ಪರದೆ ಇಡೀ ಕೆಂಪು! ಆಂಬುಲೆನ್ಸಿನ ಹಾಗೆ ಬೊಬ್ಬೆ! ಒಂದು ಹೆಣ್ಣು ಇಂಗ್ಲಿಷಿನಲ್ಲಿ ಕೂಗುವುದು, ಕೂಗುವುದು, ನಿಲ್ಲಿಸುವುದೇ ಇಲ್ಲ. ನಮಗೆ ಅರ್ಥ ಆದದ್ದು ವೈರಸ್ ಅನ್ನುವ ಒಂದು ಶಬ್ದ, ಮತ್ತೆ ಕೆಳಗೆ ದೊಡ್ಡದಾಗಿ ಬರೆದ ಫೋನ್ ನಂಬರು.

"ಬಂದ್ ಮಾಡಿ ಮಾರಾಯ್ರೆ ಅದನ್ನು" ಅಂದೆ ನಾನು.

"ಬಂದ್ ಮಾಡಿದರೆ ಎಲ್ಲ ಅಳಿಸಿಹೋದರೆ? ನನ್ನ ಕಿಡ್ನಿಯ ಕಾಗದ ಎಲ್ಲ ಇದರಲ್ಲೇ ಉಂಟಲ್ಲ" ಅಂದರು. ಫೋನ್ ಮಾಡಿಯೇ ಬಿಟ್ಟರು.

ಆ ಕಡೆಯವನ ಮಾತು ಕೇಳಬೇಕಿತ್ತು ನೀವು. ಬೆಲ್ಲ! ನಾವು ದೊಡ್ಡ ಕಂಪೆನಿಯವರು, ಹೆದರಬೇಡಿ ಅಂಕಲ್, ವೈರಸ್ ತೆಗೆದುಕೊಡ್ತೇವೆ, ಫೋನ್ ಮಾತ್ರ ಇಡಬೇಡಿ ಅಂತ. ಅದು ಒತ್ತಿ, ಇದು ಒತ್ತಿ ಅಂತ ಏನೋ ಹಾಕಿಸಿದ. ಆಮೇಲೆ ಬಾಣದ ಗುರುತು ತನ್ನಷ್ಟಕ್ಕೇ ಓಡಲಿಕ್ಕೆ ಶುರುವಾಯಿತು. ಇವರು ಕೈ ಕಟ್ಟಿ ಕೂತಿದ್ದಾರೆ, ಬಾಣ ಓಡ್ತಾ ಉಂಟು, ಒಂದೊಂದೇ ಕಾಗದ ತೆರೆದು ಮುಚ್ತಾ ಉಂಟು. ಎಷ್ಟು ಶ್ರದ್ಧೆಯಿಂದ ಹುಡುಕ್ತಾನೆ ಪಾಪ ಅಂತ ನಾವಿಬ್ಬರೂ ನೋಡಿದೆವು. ಕೊನೆಗೆ ಸ್ವಲ್ಪ ದುಡ್ಡು ಕೇಳಿದ, ಕಳಿಸಿದೆವು. ಥ್ಯಾಂಕ್ಸ್ ಕೂಡ ಹೇಳಿದೆವು, ಗೊತ್ತುಂಟಾ!

ಸಂಜೆ ವಿಸ್ಮಿತಾ ಬಂದು ಕೇಳಿದ ಮೇಲೆ ತಲೆಗೆ ಕೈ ಇಟ್ಟುಕೊಂಡಳು.

"ಅಪ್ಪಾ, ಅದು ವೈರಸ್ಸೂ ಅಲ್ಲ, ಎಂಥ ಮಣ್ಣೂ ಅಲ್ಲ. ಜಾಹೀರಾತಿನ ಹಾಗೆ ಒಂದು ಪುಟ, ಅಷ್ಟೇ. ಮುಚ್ಚಿದ್ದರೆ ಮುಗೀತಿತ್ತು. ನಿಜವಾದ ಆಂಟಿವೈರಸ್ ಹೀಗೆ ಬೊಬ್ಬೆ ಹಾಕುವುದಿಲ್ಲ, ಫೋನ್ ಮಾಡು ಅಂತ ಹೇಳುವುದೇ ಇಲ್ಲ. ನೀವೇ ಬಾಗಿಲು ತೆಗೆದು ಕಳ್ಳನನ್ನು ಒಳಗೆ ಕರೆದದ್ದು."

ದುಡ್ಡು ಹೋಯಿತು ಅಂತ ಒಂದೆರಡು ದಿನ ಬೇಜಾರು ಮಾಡಿ ಸುಮ್ಮನಾದೆವು. ನಿಜವಾಗಿ ಹೋದದ್ದು ದುಡ್ಡಲ್ಲ, ಕಾಗದ. ಅದು ಗೊತ್ತಾದದ್ದು ಮತ್ತೊಂದು ಫೋನ್ ಬಂದಾಗ. ಆಸ್ಪತ್ರೆಯಿಂದ ಅಂದರು. ತುಕ್ರಪ್ಪ ಅವರಿಗೆ ಕಿಡ್ನಿ ಬಂದಿದೆ, ಈಗಲೇ ಅಡ್ವಾನ್ಸ್ ಹಾಕಿ, ತಡ ಮಾಡಿದರೆ ಬೇರೆಯವರಿಗೆ ಹೋಗ್ತದೆ ಅಂದರು. ಇವರ ರಕ್ತದ ಗುಂಪು ಹೇಳಿದರು. ಡಾಕ್ಟರರ ಹೆಸರು ಹೇಳಿದರು. ರಿಜಿಸ್ಟರ್ ಆದ ನಂಬರು ಕೂಡ ಹೇಳಿದರು. ನಂಬದೆ ಏನು ಮಾಡುವುದು? ನನ್ನ ಬಳೆ ಅಡವಿಟ್ಟು ದುಡ್ಡು ಹಾಕಿ, ಜೀಪು ಮಾಡಿಕೊಂಡು ಮಂಗಳೂರಿಗೆ ಓಡಿದೆವು. ಅಲ್ಲಿ ಕಿಡ್ನಿಯೂ ಇಲ್ಲ, ಎಂಥದೂ ಇಲ್ಲ. ಕೌಂಟರಿನ ಹುಡುಗಿ ನಮ್ಮನ್ನು ಪಾಪದವರ ಹಾಗೆ ನೋಡಿದಳು. ದಾರಿಯುದ್ದಕ್ಕೂ ಇವರು ನೀರೂ ಕುಡಿದಿರಲಿಲ್ಲ, ಆಪರೇಷನ್ ಅಂತ.

ಆಮೇಲೆ ವಿಸ್ಮಿತಾ ಹಟಕ್ಕೆ ಬಿದ್ದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಾನು ತಮಾಷೆ ಮಾಡಿದೆ, ಅವಳು ನಗಲಿಲ್ಲ. ಅಪ್ಪನ ಸಿಮ್ಮು ತೆಗೆದು ತನ್ನ ಫೋನಿಗೆ ಹಾಕಿಕೊಂಡಳು. ಆಸ್ಪತ್ರೆಯಲ್ಲಿ ಕಿಡ್ನಿಯ ವಿಷಯ ನೋಡಿಕೊಳ್ಳುವ ಮೇಡಮ್ಮಿನ ನಂಬರು ಹೆಸರು ಹಾಕಿ ಇಟ್ಟುಕೊಂಡಳು. ಕಳ್ಳರನ್ನು ಗುರುತು ಹಿಡಿಯುವುದು ಹೇಗೆ ಅಂತ ಓದಿದಳು, ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದಳು, ಮಹಿಳಾ ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದಳು. ಹೆದರಿಸಿದರೆ ಕಳ್ಳ. ಫೋನ್ ಇಡಬೇಡಿ ಅಂದರೆ ಕಳ್ಳ. ನಿಮ್ಮ ವಿಷಯ ಎಲ್ಲ ಗೊತ್ತುಂಟು ಅಂತ ತೋರಿಸಿದರೆ ಇನ್ನೂ ದೊಡ್ಡ ಕಳ್ಳ. ಎಲ್ಲದಕ್ಕಿಂತ ಮುಖ್ಯ, ಅವಸರ ಮಾಡಿದವ ಕಳ್ಳ. ಈ ಮಾತು ನಮ್ಮ ವಾಮದಪದವಿನಲ್ಲಿ ಗಾದೆಯೇ ಆಗಿಹೋಯಿತು. ಮೀನಿನವ ಬೇಗ ಬನ್ನಿ ಅಂತ ಹಾರ್ನ್ ಹಾಕಿದರೂ "ಅವಸರ ಮಾಡ್ತಾನೆ, ಕಳ್ಳ" ಅಂತ ಹೆಂಗಸರು ನಗ್ತಿದ್ದರು. ಎಷ್ಟೋ ಮನೆಯ ದುಡ್ಡು ಉಳಿಸಿದ್ದಾಳೆ ನನ್ನ ಮಗಳು. ಸುಳ್ಳಲ್ಲ.

ಮೊನ್ನೆ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ. ಮಧ್ಯಾಹ್ನ ನಾನು ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸ್ತಾ ಇದ್ದೆ. ಇವರು ಚಾಪೆಯಲ್ಲಿ ಅಡ್ಡ ಬಿದ್ದಿದ್ದರು. ಮಗಳ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು. ಗಂಡಸಿನ ದನಿ, ಮಂಗಳೂರು ಆಸ್ಪತ್ರೆಯಿಂದ ಅಂದ. ಅವಳು ನನ್ನ ಕಡೆ ಕಣ್ಣು ಮಿಟುಕಿಸಿ ಸ್ಪೀಕರ್ ಹಾಕಿದಳು.

"ತುಕ್ರಪ್ಪ ಅವರಿಗೆ ಒಂದು ಕಿಡ್ನಿ ಸಿಗುವ ಹಾಗೆ ಉಂಟು ಮೇಡಂ. ಈಗಲೇ ಹೊರಡಬೇಕು. ಏನೂ ತಿನ್ನುವುದು ಬೇಡ. ಆಧಾರ್ ಕಾರ್ಡ್ ತನ್ನಿ."

"ಹೌದಾ ಸರ್? ಯಾವ ಕಂಪೆನಿಯ ಕಿಡ್ನಿ? ಮೀಟರ್ ಎಷ್ಟು ಓಡಿದೆ?"

ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ಇವರೂ ಮಲಗಿದಲ್ಲೇ ನಕ್ಕರು.

"ಮೇಡಂ, ತಮಾಷೆ ಅಲ್ಲ ಇದು. ಸಮಯ ಇಲ್ಲ."

"ಸಮಯ ಇಲ್ವಾ? ಅಯ್ಯೋ ಪಾಪ. ಹಾಗಾದ್ರೆ ಡಾಕ್ಟರ್ ಹೆಸರು ಹೇಳಿ ನೋಡುವ."

ಅವ ಹೇಳಿದ, ಸರಿ ಇತ್ತು. ರಕ್ತದ ಗುಂಪು ಹೇಳಿದ, ಅದೂ ಸರಿ. ಆದರೆ ಕಳ್ಳರೂ ಅದನ್ನೆಲ್ಲ ಸರಿಯಾಗಿಯೇ ಹೇಳಿದ್ದರಲ್ಲ! ಅವ ಏನು ಹೇಳಿದರೂ ಅದು ಆ ಲ್ಯಾಪ್‌ಟಾಪಿನಿಂದ ಕದ್ದದ್ದೇ ಅಂತ ನಮಗೆ. ದೇವರು ಬಂದು ಹೇಳಿದ್ದರೂ ನಂಬಲಿಕ್ಕೆ ಏನೂ ಉಳಿದಿರಲಿಲ್ಲ.

"ಕಟ್ ಮಾಡಬೇಡಿ ಮೇಡಂ, ದಯವಿಟ್ಟು. ನೀವು ಬರದಿದ್ದರೆ ಮುಂದಿನವರಿಗೆ ಹೇಳಬೇಕಾಗ್ತದೆ."

"ಹೇಳಿ ಸರ್, ಧಾರಾಳ ಹೇಳಿ" ಅಂತ ಕಟ್ ಮಾಡಿದಳು.

ಹಾಗಂತ ಅವಳು ಬೇಜವಾಬ್ದಾರಿ ಅಲ್ಲ. ಮೇಡಮ್ಮಿನ ನಂಬರಿಗೆ ಫೋನ್ ಮಾಡಿ ನೋಡಿದಳು, ಸ್ವಿಚ್ ಆಫ್. ಆಸ್ಪತ್ರೆಯ ಮೇನ್ ನಂಬರಿಗೆ ಮಾಡಿದಳು. "ಇವತ್ತು ಭಾನುವಾರ, ಆ ಆಫೀಸಿನಲ್ಲಿ ಯಾರೂ ಇಲ್ಲ, ನಾಳೆ ಮಾಡಿ" ಅಂದರು. ಆಫೀಸಿನಲ್ಲಿ ಯಾರೂ ಇಲ್ಲದಿದ್ದರೆ ಇವ ಯಾರು ಫೋನ್ ಮಾಡಿದ್ದು? ನೀವೇ ಹೇಳಿ, ಯಾರಿಗಾದರೂ ಹಾಗೇ ಅನ್ನಿಸುವುದಿಲ್ವಾ? ಅವ ಮತ್ತೆ ಮಾಡಿದ, ಮತ್ತೂ ಮಾಡಿದ. ಅವಳು ಬ್ಲಾಕ್ ಮಾಡಿದಳು.

"ನನ್ನ ಮಗಳ ಹತ್ತಿರ ಆಟ ನಡೆಯುವುದಿಲ್ಲ" ಅಂದರು ಇವರು. ಎಷ್ಟು ದಿನದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನೋಡಿದ್ದು ನಾನು. ಬಂಗುಡೆ ಸಾರು ಒಂದು ಸೌಟು ಹೆಚ್ಚು ಹಾಕಿಸಿಕೊಂಡು ಊಟ ಮಾಡಿದರು.

ಮರುದಿನ ಡಯಾಲಿಸಿಸ್. ಮೂವರೂ ಹೋದೆವು. ಅಲ್ಲಿ ಇವರ ಪಕ್ಕದ ಮಂಚ ಪುತ್ತಿಗೆಯ ಸಂಕಪ್ಪನದ್ದು. ಇಬ್ಬರದ್ದೂ ಒಂದೇ ರಕ್ತದ ಗುಂಪು, ಒಂದೇ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದು, ಅವ ಮಾತ್ರ ಇವರಿಗಿಂತ ಸ್ವಲ್ಪ ತಡವಾಗಿ. "ನೀವು ಹೋದ ಮೇಲೆಯೇ ನನಗೆ ದಾರಿ" ಅಂತ ಸಂಕಪ್ಪ ತಮಾಷೆ ಮಾಡ್ತಿದ್ದ. ಆ ದಿನ ಅವನ ಮಂಚ ಖಾಲಿ.

ಅಲ್ಲಿ ಮಂಚ ಖಾಲಿ ಆದರೆ ಯಾರೂ ಏನೂ ಕೇಳುವುದಿಲ್ಲ. ಕೇಳುವಂಥದ್ದು ಏನುಂಟು? ಇವರು ಮಾತ್ರ ಮೆಲ್ಲ ನರ್ಸ್ ಕಾಂತಿಯ ಹತ್ತಿರ, "ಹೋದನಾ ಸಂಕಪ್ಪ?" ಅಂದರು.

"ಬಿಡ್ತು ಅನ್ನಿ!" ಅಂದಳು ಕಾಂತಿ. "ಕಿಡ್ನಿ ಸಿಕ್ಕಿತು ಅವರಿಗೆ. ನಿನ್ನೆ ಮಧ್ಯಾಹ್ನ ಮಂಗಳೂರಿನಿಂದ ಫೋನ್ ಬಂತಂತೆ, ಸಂಜೆಯೊಳಗೆ ಹೋಗಿ ಮುಟ್ಟಿದರಂತೆ. ಆಪರೇಷನ್ ಚೆನ್ನಾಗಿ ಆಗಿದೆ. ಅದೃಷ್ಟ ನೋಡಿ. ಮೊದಲು ಬೇರೆ ಯಾರಿಗೋ ಕೊಡುವುದು ಅಂತ ಇತ್ತಂತೆ, ಅವರು ನಗಾಡಿ ಫೋನ್ ಇಟ್ಟರಂತೆ! ಮೂರು ಸಲ ಮಾಡಿದರಂತೆ ಪಾಪ ಆ ಹೊಸ ಸರ್. ಎಂಥೆಂಥ ಜನ ಇರ್ತಾರೆ ಮಾರಾಯ್ರೆ."

ವಿಸ್ಮಿತಾ ಮಂಚದ ಕಾಲಬುಡದಲ್ಲಿ ನಿಂತಿದ್ದಳು. ನಾನು ಅವಳನ್ನು ನೋಡಿದೆ. ಇವರು ನೋಡಲಿಲ್ಲ. ತೋಳಿಗೆ ಸೂಜಿ ಚುಚ್ಚಿಸಿಕೊಳ್ತಾ, ಕಾಂತಿಗಿಂತ ಗಟ್ಟಿಯಾಗಿ, "ಹೌದು, ಎಂಥೆಂಥ ಜನ ಇರ್ತಾರೆ" ಅಂದರು.

ಯಾರು ಆ ಜನ ಅಂತ ಕಾಂತಿಗೆ ಗೊತ್ತಾಗದ ಹಾಗೆ ನೋಡಿಕೊಂಡರು. ಮಗಳ ಮಾನ ಉಳಿಸಿದರು. ನನಗೆ ಮಾತ್ರ ಅಲ್ಲೇ ನೆಲಕ್ಕೆ ಬಿದ್ದು ಬೊಬ್ಬೆ ಹಾಕಬೇಕು ಅಂತ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನಾವು ಆ ಕೈಯನ್ನೇ ತಟ್ಟಿ ಕಳಿಸಿದ್ದೆವು.

ಹೊರಗೆ ಹೋಗಿ ವಿಸ್ಮಿತಾ ಆ ನಂಬರನ್ನು ಬ್ಲಾಕಿನಿಂದ ತೆಗೆದು ಫೋನ್ ಮಾಡಿದಳು. ನಾನು ಹಿಂದೆಯೇ ಹೋದೆ. ಅವ ಏನು ಹೇಳಿದನೋ ನನಗೆ ಕೇಳಲಿಲ್ಲ, ಅವಳು ಹೇಳಿದ್ದು ಕೇಳಿತು. "ಹೌದು ಸರ್. ಹೌದು. ಮೀಟರ್ ಅಂತ ಕೇಳಿದ್ದು ನಾನೇ ಸರ್." ಫೋನ್ ಇಟ್ಟ ಮೇಲೆ ನನಗೆ ಹೇಳಿದಳು. ಹಳೆಯ ಮೇಡಂ ಕೆಲಸ ಬಿಟ್ಟು ಹೋಗಿದ್ದರಂತೆ. ಇವ ಹೊಸಬ, ಭಾನುವಾರ ಮನೆಯಿಂದ ತನ್ನ ಸ್ವಂತ ಫೋನಿನಲ್ಲೇ ಮಾಡಿದ್ದಂತೆ. ಅವನ ತಪ್ಪು ಏನುಂಟು? ಯಾರ ತಪ್ಪು ಅಂತ ಹೇಳುವುದು? ಕೆಂಪು ಪರದೆ ಮಾಡಿದ ಆ ಕಳ್ಳ ಎಲ್ಲಿಯೋ ಹೊಟ್ಟೆ ತುಂಬ ಉಂಡು ಮಲಗಿದ್ದಾನೆ. ಅವನ ವಂಶ ಹಾಳಾಗ.

ಬಸ್ಸಿನಲ್ಲಿ ಇವರು ಹೇಳಿದರು, "ಸಂಕಪ್ಪನಿಗೆ ಸಣ್ಣ ಸಣ್ಣ ಮಕ್ಕಳು. ಅವನಿಗೆ ಸಿಕ್ಕಿದ್ದೇ ಒಳ್ಳೆಯದಾಯಿತು. ಅದರ ಬಗ್ಗೆ ಇನ್ನು ಮನೆಯಲ್ಲಿ ಮಾತು ಬೇಡ."

ನನಗೆ ಸಿಟ್ಟು ಬಂತು. ಧರ್ಮರಾಯನ ಮಾತು ಯಾರಿಗೆ ಬೇಕು? ನನಗೆ ಗಂಡ ಬೇಕು. ಸಂಕಪ್ಪ ಬದುಕಲಿ, ನೂರು ವರ್ಷ ಬದುಕಲಿ, ಆದರೆ ನನ್ನ ಗಂಡನ ಪಾಲಿನದ್ದರಲ್ಲಿ ಯಾಕೆ ಬದುಕಬೇಕು? ಹೀಗೆಲ್ಲ ಯೋಚನೆ ಬರ್ತದೆ, ಪಾಪದ ಯೋಚನೆ. ಬಂದರೆ ನಾನು ಏನು ಮಾಡಲಿ? ವಿಸ್ಮಿತಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೈಯುವ ಅಂದರೆ ಮನಸ್ಸು ಬರಲಿಲ್ಲ. ಸಮಾಧಾನ ಮಾಡುವ ಅಂದರೆ ಬಾಯಿ ಬರಲಿಲ್ಲ.

ಈಗ ಇವರ ಹೃದಯವೂ ಸೋತಿದೆ. ಕಿಡ್ನಿ ಬಂದರೂ ಆಪರೇಷನ್ ತಡೆಯುವುದಿಲ್ಲ ಅಂತ ಡಾಕ್ಟರರು ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಇನ್ನು ಆ ಫೋನ್ ಬರುವುದಿಲ್ಲ, ಯಾವತ್ತೂ ಬರುವುದಿಲ್ಲ. ಇವರಿಗೆ ಗೊತ್ತುಂಟು, ನನಗೂ ಗೊತ್ತುಂಟು, ಅವಳಿಗೂ ಗೊತ್ತುಂಟು. ಅಂಗಡಿಯಲ್ಲಿ ಯಾರಾದರೂ ಫೋನ್ ತೋರಿಸಿ, "ಇದು ಕಳ್ಳರದ್ದಾ ಮಗಾ, ನೋಡು" ಅಂದರೆ, "ನನಗೆ ಗೊತ್ತಾಗುವುದಿಲ್ಲ, ಉಮ್ಮರ್ ಅವರಲ್ಲಿ ಕೇಳಿ" ಅಂತಾಳಂತೆ. ಉಮ್ಮರೇ ಬಂದು ನನ್ನ ಹತ್ತಿರ ಹೇಳಿ ಬೇಸರ ಮಾಡಿದರು.

ನಿನ್ನೆ ಅಡುಗೆ ಮನೆಯಲ್ಲಿ ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ಫೋನ್ ಬಂತು. ಕೈ ಒರೆಸದೆಯೇ ತೆಗೆದಳು. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಗಾಂಜಾ ಸಿಕ್ಕಿದೆ, ನಾವು ಪೊಲೀಸರು, ಅರೆಸ್ಟ್ ಮಾಡ್ತೇವೆ ಅಂತ ಒಬ್ಬ ಗದರಿಸ್ತಾ ಇದ್ದ. ಇಷ್ಟು ದೂರ ಕೂತ ನನಗೇ ಗೊತ್ತಾಯಿತು ಅದು ಎಂಥದ್ದು ಅಂತ.

"ಕಳ್ಳ ಅವ. ಕಟ್ ಮಾಡು ಮಗಾ" ಅಂದೆ.

"ಗೊತ್ತುಂಟಮ್ಮ" ಅಂದಳು. ಫೋನ್ ಕಿವಿಯಿಂದ ತೆಗೆಯಲಿಲ್ಲ.

ಅವ ಹೆಸರು ಕೇಳಿದ, ಹೇಳಿದಳು. ಬ್ಯಾಂಕಿನದ್ದು ಕೇಳಿದ, ಅದನ್ನು ಹೇಳಲಿಲ್ಲ. "ಹೇಳಿ ಸರ್, ಕೇಳ್ತಾ ಇದ್ದೇನೆ ಸರ್" ಅಂತ ಮಾತ್ರ. ಅವ ಹೆದರಿಸಿದ, ಬೊಬ್ಬೆ ಹಾಕಿದ, ಕೊನೆಗೆ ಹೊಲಸು ಹೊಲಸು ಬೈದ. ಕಾಯಿ ತುರಿ ಹಿಡಿದ ಕೈಯಲ್ಲೇ ಫೋನ್ ಹಿಡಿದು ಅಷ್ಟನ್ನೂ ಕೇಳಿದಳು ನನ್ನ ಮಗಳು. ಅವನಿಗೇ ಸಾಕಾಗಿ ಫೋನ್ ಇಟ್ಟ ಮೇಲೆ, ಒಳಗೆ ಅಪ್ಪ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿದಳು. "ಅವನೇ ಇಟ್ಟದ್ದು ಅಮ್ಮ" ಅಂದಳು. "ನಾನು ಕಟ್ ಮಾಡಲಿಲ್ಲ."