ನಲವತ್ತು ಸೆಕೆಂಡಿನ ಆಣೆ

“ಆಣೆ ಹಾಕು ಅಂತ ನಿನಗೆ ಯಾರಪ್ಪಾ ಹೇಳಿದ್ದು?”

ಅವಳು ಕೇಳಿದ್ದು ಪರದೆಯನ್ನು. ಪರದೆಯ ಮೇಲಿದ್ದ ರೆಕ್ಕೆವೀರ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಚಿತ್ರ ಶುರುವಾಗಿ ಹನ್ನೊಂದು ನಿಮಿಷವಾಗಿತ್ತು, ಆಗಲೇ ಹದಿನಾಲ್ಕನೆಯವನ ದವಡೆಗೆ ಬಿಗಿಯುತ್ತಿದ್ದ. ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದಿದ್ದರಿಂದ ಪ್ರಶ್ನೆ ಮರುದನಿಯಾಗಿ ಕೂಡ ವಾಪಸು ಬರಲಿಲ್ಲ.

ಉತ್ತರ ಅವಳಿಗೆ ಗೊತ್ತಿತ್ತು. ಆಣೆ ಹಾಕಿಸಿದವಳು ಅವಳೇ.

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಮಾತಿನಕ್ಕ ಅನ್ನುತ್ತಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಅನ್ನುವ ಹೆಂಗಸಿಗೆ ಆ ಹೆಸರು ಬಿದ್ದದ್ದು ಕೆಲಸದಿಂದ. ಹೊರಗಿನ ಭಾಷೆಯ ಚಿತ್ರಗಳು ಬಂದರೆ ಅವಕ್ಕೆ ನಮ್ಮ ಮಾತು ಹೊಲಿದು ಕೊಡುವವಳು ಅವಳು. ತುಟಿ ಮುಚ್ಚಿದ ಕಡೆ ತುಟಿ ಮುಚ್ಚುವ ಅಕ್ಷರ, ಬಾಯಿ ತೆರೆದ ಕಡೆ ತೆರೆದ ಅಕ್ಷರ. ಪಕ್ಕದಲ್ಲಿ ಸಮಯ: ಇಷ್ಟನೆಯ ನಿಮಿಷ, ಇಷ್ಟನೆಯ ಸೆಕೆಂಡು. ಮಾತಷ್ಟೇ ಅಲ್ಲ, ನಿಟ್ಟುಸಿರು, ಕೆಮ್ಮು, ನಗು ಎಲ್ಲವೂ ಹಾಳೆಯ ಮೇಲೆ ಬರಬೇಕು. ಮೂರೂ ಭಾಗಗಳಲ್ಲಿ ರೆಕ್ಕೆವೀರನ ದನಿಯಾದ ಗುಡುಗಣ್ಣ ಅವಳ ಹಾಳೆ ಕೈಗೆ ಬರುವ ತನಕ ಮೈಕಿನ ಮುಂದೆ ಗಂಟಲು ಕೂಡ ಸರಿಪಡಿಸಿಕೊಳ್ಳುತ್ತಿರಲಿಲ್ಲ. “ನನ್ನದು ಬರೀ ಗಂಟಲು ಕಣಮ್ಮ, ಪ್ರಾಣ ಆ ಹಾಳೇಲಿದೆ” ಎಂದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಹೇಳುತ್ತಿದ್ದ.

ಎಡವಟ್ಟಾದದ್ದು ನಾಲ್ಕು ವರ್ಷದ ಹಿಂದೆ, ಎರಡನೆಯ ಭಾಗದಲ್ಲಿ. ಸೇತುವೆಯ ಮೇಲೆ ಸತ್ತ ತಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ರೆಕ್ಕೆವೀರ ಕೂತಿರುತ್ತಾನೆ. ಮೂಲದಲ್ಲಿ ಅಲ್ಲಿ ಒಂದು ಮಾತೂ ಇಲ್ಲ. ನಲವತ್ತು ಸೆಕೆಂಡು ಬರೀ ಉಸಿರು. ಕಂಪನಿಯ ಮ್ಯಾನೇಜರ್ ತಲೆ ಕೆರೆದುಕೊಂಡಿದ್ದ. “ಅಕ್ಕಾ, ಇಷ್ಟು ಹೊತ್ತು ಸುಮ್ಮನಿದ್ರೆ ಜನ ಪಾಪ್‌ಕಾರ್ನ್ ತರೋಕೆ ಎದ್ದು ಹೋಗ್ತಾರೆ. ಮುಖವಾಡ ಹಾಕಿದಾನೆ, ತುಟಿ ಕಾಣಲ್ಲ. ಏನಾದ್ರೂ ತುಂಬಿ.”

ಮುಖವಾಡದ ಬಾಯಿ ಅಂದರೆ ಈ ಕಸುಬಿನವರಿಗೆ ಹಬ್ಬ. ಅಳತೆಯಿಲ್ಲದ ಚೀಲ, ಏನು ಹಾಕಿದರೂ ಹಿಡಿಸುತ್ತದೆ. ಅವಳು ಕಣ್ಣು ಮುಚ್ಚಿ ಆ ಉಸಿರನ್ನೇ ಮೂರು ಸಲ ಕೇಳಿದಳು. ಅವಳ ತಾತ ಹಳೆಯ ಕಥಾಕಾವ್ಯಗಳ ಪದ್ಯ ರಾಗವಾಗಿ ಓದುತ್ತಿದ್ದವರು. ಸಂಜೆ ಹೊತ್ತು ಅವರ ಮೊಣಕಾಲಿಗೆ ಒರಗಿ ಕೂತು ಕೇಳಿ ಬೆಳೆದ ಕಿವಿ ಅವಳದು. ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಸಾಲು ಮುರಿಯುತ್ತದೆ ಅನ್ನುವುದು ಆ ಕಿವಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಪೆನ್ನು ತಾನಾಗಿ ಓಡಿತು.

‘ನಿನ್ನ ಮೇಲಾಣೆ ತಮ್ಮಾ, ಇನ್ನೀ ಕೈ ಯಾರ ಮೇಲೂ ಏಳದು. ಎದ್ದ ದಿನ ಈ ಮುಖವಾಡ ನನ್ನದಲ್ಲ.’

ಗುಡುಗಣ್ಣ ಅದನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದ. ಧ್ವನಿ ಹಿಡಿಯುವ ಕಿವಿಯಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಚಿತ್ರಮಂದಿರದಲ್ಲಿ ಜನ ಅತ್ತರು. ಆಮೇಲೆ ಆ ಸಾಲು ಅಂಗಿಯ ಮೇಲೆ ಬಂತು, ದಿಂಬಿನ ಕವರಿನ ಮೇಲೆ ಬಂತು, ಗಂಡ ಹೆಂಡಿರ ಜಗಳದಲ್ಲಿ ಬಂತು. ಅವಳ ಹಲ್ಲಿನ ಡಾಕ್ಟರು ಕೂಡ ಸೂಜಿ ಹಿಡಿದುಕೊಂಡು, “ಹೆದರಬೇಡಿ, ಇನ್ನೀ ಕೈ ಯಾರ ಮೇಲೂ ಏಳದು” ಅಂದಿದ್ದರು.

ಈಗ ಮೂರನೆಯ ಭಾಗ, ಕೊನೆಯದು. ಆಣೆಯ ಸುದ್ದಿಯೇ ಗೊತ್ತಿಲ್ಲದ ರೆಕ್ಕೆವೀರ ಬಂದು, ನಿಂತಲ್ಲಿ ನಿಲ್ಲದೆ, ಹನ್ನೊಂದು ನಿಮಿಷದಲ್ಲಿ ಹದಿನಾಲ್ಕು ಜನಕ್ಕೆ ಬಾರಿಸುತ್ತಿದ್ದ. ತಪ್ಪು ಅವನದಲ್ಲ. ಆ ಸೇತುವೆಯ ಮೇಲೆ ಅವನು ಬಾಯಿಯನ್ನೇ ಬಿಟ್ಟಿರಲಿಲ್ಲ.

ಸಾಲದ್ದಕ್ಕೆ ಚಿತ್ರದ ಒಡೆಯರು ಈ ಸಲ ಹೊಸ ನಿಯಮ ಕಳಿಸಿದ್ದರು: ಮಾತಿಲ್ಲದ ಕಡೆ ಮಾತು ಹಾಕಕೂಡದು. ಇದ್ದ ಮಾತನ್ನು ಬದಲಿಸಿದರೆ ಕಾರಣ ಬರೆದು ಕೊಡಬೇಕು.

ಸಂಜೆ ಮನೆಗೆ ಬಂದರೆ ಅಮ್ಮ ಬಟಾಣಿ ಸುಲಿಯುತ್ತ ಟೀವಿಯ ಮುಂದೆ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಟೀವಿ ಅವಳಿಗೆ ರೇಡಿಯೋ ಆಗಿ ಎರಡು ವರ್ಷವಾಗಿತ್ತು. ಹೊಸ ಚಿತ್ರದ ಜಾಹೀರಾತು ಬರುತ್ತಿತ್ತು.

“ಏನೇ ಇದು, ಧಡ್ ಧಡ್ ಅಂತ? ಯಾರು ಯಾರಿಗೆ ಹೊಡೀತಾ ಇದಾರೆ?”

“ರೆಕ್ಕೆವೀರ ಅಮ್ಮ.”

ಬಟಾಣಿ ಸುಲಿಯುವ ಕೈ ನಿಂತಿತು. “ಅವನು ಆಣೆ ಹಾಕಿದ್ದನಲ್ಲ?”

“ಹೂಂ.”

“ತಮ್ಮನ ಮೇಲೆ ಹಾಕಿದ್ದು. ಸತ್ತವನ ಮೇಲೆ.”

“ಅಮ್ಮಾ, ಸಿನಿಮಾ ಅದು.”

“ನಿನ್ನ ತಾತ ಓದ್ತಿದ್ದದ್ದು ಏನು, ನಿಮ್ಮ ಆಫೀಸಿನ ಹಾಜರಿ ಪುಸ್ತಕವಾ? ಅದೂ ಕಥೇನೇ.” ಅಮ್ಮ ಮತ್ತೆ ಸುಲಿಯತೊಡಗಿದಳು. “ಮೂರನೇ ಸಂಧೀಲಿ ಒಬ್ಬ ಮಾತು ಕೊಟ್ಟರೆ ಹದಿನೇಳನೇ ಸಂಧೀಲಿ ಆ ಮಾತು ಬಂದು ಬಾಗಿಲು ತಟ್ಟೋದು. ನೀನು ನಿದ್ದೆಗಣ್ಣಲ್ಲೂ ಎದ್ದು ಕೂತು, ಈಗ ಏನು ಮಾಡ್ತಾನೆ ತಾತ ಅಂತ ಕೇಳ್ತಿದ್ದೆ.”

“ಮಾತು ಮುರಿದೋರೂ ಇದ್ದರಲ್ಲ ಅದರಲ್ಲಿ?”

“ಇದ್ರು, ಯಾಕಿಲ್ಲ? ಮುರಿದು, ಕೂತು ಅತ್ತರು. ಅಳೋದಕ್ಕೇ ಒಂದು ಸಂಧಿ. ಮುರಿದದ್ದಕ್ಕೆ ಅಳಬಹುದು ಕಣೇ. ಆಡಿಯೇ ಇಲ್ಲ ಅಂದುಬಿಟ್ಟರೆ ಯಾವುದಕ್ಕೆ ಅಂತ ಅಳೋದು?” ಎಂದು ಹೇಳಿ, ಒಂದು ಕಾಳು ಬಾಯಿಗೆ ಹಾಕಿಕೊಂಡು, “ಉಪ್ಪಿನ ಡಬ್ಬಿ ಎಲ್ಲಿಟ್ಟೆ? ಬೆಳಿಗ್ಗೆಯಿಂದ ತಡಕ್ತಾ ಇದೀನಿ” ಅಂದಳು.

ಮರುದಿನದಿಂದ ಹುಡುಕಾಟ ಶುರುವಾಯಿತು. ಎರಡು ಗಂಟೆ ಇಪ್ಪತ್ತು ನಿಮಿಷದ ಚಿತ್ರದಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು ಕೂರುವಷ್ಟು ಜಾಗ. ಆಣೆ ಮುರಿಯಿತು ಎಂದು ಅವನ ಬಾಯಿಂದ ಒಮ್ಮೆ ಬಂದರೆ ಸಾಕು. ಮುಖವಾಡ ಹಾಕಿದ ಕಡೆಯೆಲ್ಲ ಬರೀ ಏದುಸಿರು, ಅಲ್ಲಿ ನಿಯಮ ಅಡ್ಡ. ಮುಖ ಕಂಡ ಕಡೆ ತುಟಿ ಅಡ್ಡ. ಒಂದು ಕಡೆ ಅವನು ಫೋನಿನಲ್ಲಿ ಮಾತಾಡುತ್ತಾನೆ. ಓಡಿ ಹೋಗಿ ನೋಡಿದರೆ ವಿಮಾನದ ಟಿಕೆಟ್ಟಿನ ವಿಚಾರ. ಇನ್ನೊಂದು ಕಡೆ ತಮ್ಮನ ಫೋಟೋ ನೋಡುತ್ತ ಬಾಯಿ ತೆರೆಯುತ್ತಾನೆ. ಅವಳ ಜೀವ ಬಾಯಿಗೆ ಬಂತು. ಅವನು ಆಕಳಿಸಿದ.

“ನಿನ್ನ ಆಕಳಿಕೆ ಹಾಳಾಗ!” ಎಂದು ಅವಳು ಪೆನ್ನು ಎಸೆದಳು. ಪೆನ್ನು ಸ್ಪಂಜಿಗೆ ತಾಗಿ ಸದ್ದಿಲ್ಲದೆ ಬಿತ್ತು. ಸಿಟ್ಟು ತೀರಿಸಿಕೊಳ್ಳುವುದಕ್ಕೂ ಆ ಕೋಣೆ ಲಾಯಕ್ಕಾಗಿರಲಿಲ್ಲ.

ಗುಡುಗಣ್ಣ ಫ್ಲಾಸ್ಕಿನ ಬಿಸಿನೀರು ಕುಡಿಯುತ್ತ ಬಾಗಿಲಲ್ಲಿ ನಿಂತಿದ್ದ. “ಏನು ತಂಗಿ, ಕುಸ್ತಿ ಯಾರ ಜೊತೆ?”

“ನಿಮ್ಮ ಜೊತೆ. ಆಣೆ ಹಾಕಿದವರು ನೀವು, ಹೊಡೆಯೋರೂ ನೀವು.”

“ನಾನೆಲ್ಲಿ ಹೊಡೆದೆ? ನಾನು ಹುಂ, ಹಾ ಅಂದೆ ಅಷ್ಟೆ. ಮನೇಲೂ ನನ್ನದು ಅಷ್ಟೇ ಪಾತ್ರ.” ಒಳಗೆ ಬಂದು ಕೂತ. ನಗು ಇಳಿದಿತ್ತು. “ನಮ್ಮ ಬೀದಿ ಔಷಧಿ ಅಂಗಡಿಯವನೂ ಕೇಳಿದ. ಏನಣ್ಣಾ, ಮಾತು ತಪ್ಪಿದೆಯಂತೆ ಅಂತ. ತಲೆ ತಗ್ಗಿಸಿ ಮಾತ್ರೆ ತಗೊಂಡು ಬಂದೆ. ಏನಾದ್ರೂ ಮಾಡು ಮಾರಾಯ್ತಿ.”

ಜಾಗ ಸಿಕ್ಕಿದ್ದು ಮೂರನೆಯ ದಿನ, ಕೊನೆಯ ರೀಲಿನಲ್ಲಿ. ಎಲ್ಲ ಯುದ್ಧ ಮುಗಿದು ರೆಕ್ಕೆವೀರ ಅದೇ ಸೇತುವೆಗೆ ಬರುತ್ತಾನೆ. ನಮಗೆ ಬೆನ್ನು. ಹಿಂದಿನಿಂದ ಒಬ್ಬ ಮುದುಕ, ಯಾಕೆ ಬಂದೆ ಎಂದು ಕೇಳುತ್ತಾನೆ. ಅವನು ಮುಖ ತಿರುಗಿಸದೆಯೇ ಒಂಬತ್ತು ಸೆಕೆಂಡು ಮಾತಾಡುತ್ತಾನೆ: ಬೇರೆ ಯಾರೂ ಇರಲಿಲ್ಲ, ಅದಕ್ಕೆ ಬಂದೆ, ಇನ್ನು ಬರುವುದಿಲ್ಲ, ಹೀಗೇನೋ ಒಣಮಾತು. ಮಾತು ಮುಗಿಯುತ್ತಿದ್ದಂತೆ ಮುಖವಾಡ ಕಳಚಿ ಸೇತುವೆಯ ಕಟ್ಟೆಯ ಮೇಲಿಡುತ್ತಾನೆ.

ಮುಖವಾಡ ಕಳಚುತ್ತಾನೆ! ಎದ್ದ ದಿನ ಈ ಮುಖವಾಡ ನನ್ನದಲ್ಲ ಎಂದು ನಾಲ್ಕು ವರ್ಷದ ಹಿಂದೆ ಅವಳು ಬರೆದಿದ್ದಳು. ದೂರದ ಯಾವುದೋ ಊರಲ್ಲಿ ಅವಳ ಹೆಸರೂ ಕೇಳದ ಜನ ಅದನ್ನು ನಡೆಸಿಕೊಟ್ಟಿದ್ದರು. ಅವಳು ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ಬರೆದಳು:

‘ಕೈ ಎದ್ದಿತು ತಮ್ಮಾ. ಆಣೆ ಮುರಿಯಿತು. ತಗೋ, ಇದಿನ್ನು ನನ್ನದಲ್ಲ.’

ಒಂಬತ್ತು ಸೆಕೆಂಡಿಗೆ ಅಳೆದು ಕತ್ತರಿಸಿದ ಹಾಗೆ ಕೂತಿತು. ಗುಡುಗಣ್ಣ ಹೇಳಿ ಮುಗಿಸಿ ಮೈಕಿನಿಂದ ಹಿಂದೆ ಸರಿದ. ಗಾಜಿನಾಚೆ ಕಿವಿಯಪ್ಪ ‘ಇನ್ನೊಂದು ಸಲ’ ಎಂದು ಹೇಳದೆ ಇದ್ದದ್ದು ಇಪ್ಪತ್ತು ವರ್ಷದಲ್ಲಿ ಅದು ಎರಡನೆಯ ಬಾರಿ.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತೋ ಏನೋ. ಆದರೆ ಕಾರಣ ಬರೆದು ಕೊಡಬೇಕಿತ್ತು. ಎಲ್ಲರೂ ಬರೆಯುವಂತೆ ‘ಮಾತಿನ ಓಟಕ್ಕಾಗಿ’ ಎಂದು ಎರಡು ಪದ ಗೀಚಿದ್ದರೆ ಮುಗಿಯುತ್ತಿತ್ತು. ಅವಳು ಒಂದೂವರೆ ಪುಟ ಬರೆದಳು. ಎರಡನೆಯ ಭಾಗದಲ್ಲಿ ನಮ್ಮ ರೆಕ್ಕೆವೀರ ಆಣೆ ಹಾಕಿದ್ದು, ನಲವತ್ತು ಸೆಕೆಂಡಿನ ಮೌನದಲ್ಲಿ ಅದು ಹುಟ್ಟಿದ್ದು, ಜನ ಅದನ್ನು ಮನಸ್ಸಿಗೆ ಹಚ್ಚಿಕೊಂಡದ್ದು, ಈಗ ಎರಡಕ್ಕೂ ಮೂರಕ್ಕೂ ತಾಳೆಯಾಗದೆ ಇರುವುದು, ಈ ಸಾಲು ಬಂದರೆ ಆಗುವುದು. ಒಂದು ಸುಳ್ಳಿಲ್ಲ. ಮ್ಯಾನೇಜರ್ ಅದನ್ನು ಓದುವ ಗೋಜಿಗೆ ಹೋಗದೆ ಭಾಷಾಂತರ ಮಾಡಿಸಿ ಒಡೆಯರಿಗೆ ಕಳಿಸಿದ.

ಎರಡು ದಿನ ಬಿಟ್ಟು ಮಧ್ಯಾಹ್ನ ಅವನು ಸ್ಟುಡಿಯೋಗೆ ಬಂದ. ಮುಖ ಹುಳಿ ಮಜ್ಜಿಗೆ ಕುಡಿದವನಂತಿತ್ತು.

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ, ನಿಮ್ಮದು ಬರೆದು ಹೋಯಿತು ಅಕ್ಕಾ. ನಾವು ಮೌನದಲ್ಲಿ ಮಾತು ತುಂಬಿದ್ದು ಅವರಿಗೆ ಇಲ್ಲೀತನಕ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಸಿದ್ದು ನೀವು.”

“ತುಂಬಿ ಅಂದಿದ್ದು ನೀನು.”

“ಅಂದೆ. ಪೇಪರಿನ ಮೇಲೆ ಅಂದಿರಲಿಲ್ಲ.” ಅವನು ಕುರ್ಚಿ ಎಳೆದುಕೊಂಡ. “ನೋಡಿ, ಅವರು ಎರಡು ವಿಷಯ ಹೇಳಿದಾರೆ. ಒಂದು, ಕೊನೇ ಸಾಲು ಮೂಲದಲ್ಲಿ ಹೇಗಿದೆಯೋ ಹಾಗೆ. ಬೇರೆ ಯಾರೂ ಇರಲಿಲ್ಲ, ಅದಕ್ಕೆ ಬಂದೆ. ಅಷ್ಟೆ.”

“ಎರಡನೇದು?”

“ಶುಕ್ರವಾರ ಥಿಯೇಟರಲ್ಲಿ ಮೂರೂ ಭಾಗ ಒಟ್ಟಿಗೆ ತೋರಿಸ್ತಾರಲ್ಲ, ಬೆಳಿಗ್ಗೆಯಿಂದ ಸಂಜೆ ತನಕ? ಅಷ್ಟರೊಳಗೆ ಎರಡನೇ ಭಾಗದ ಆಣೆ ತೆಗೀಬೇಕು. ಆ ಜಾಗದಲ್ಲಿ ಉಸಿರು. ನಲವತ್ತು ಸೆಕೆಂಡು.”

ಕಿವಿಯಪ್ಪ ಹೆಡ್‌ಫೋನ್ ಕಳಚಿ ಕುತ್ತಿಗೆಗೆ ಹಾಕಿಕೊಂಡ.

“ಯಾಕೆ ಹಾಗೆ ನೋಡ್ತೀರಾ? ತಾಳೆ ಆಗಲ್ಲ ಅಂತ ಬರೆದವರು ನೀವೇ. ಈಗ ಆಯ್ತಲ್ಲ? ಆಣೆಯೇ ಇಲ್ಲ ಅಂದಮೇಲೆ ಮುರಿಯೋ ಪ್ರಶ್ನೆ ಎಲ್ಲಿ? ಅವನು ಎಷ್ಟು ಜನಕ್ಕೆ ಬೇಕಾದ್ರೂ ಹೊಡೀಲಿ.”

ಅವನು ಹೇಳುತ್ತಿದ್ದದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಅವಳ ಮೈ ಉರಿಯುತ್ತಿದ್ದದ್ದು ಅದಕ್ಕೇ. ತನ್ನ ಪೆನ್ನಿನಿಂದ ತನ್ನ ಕಣ್ಣನ್ನೇ ತಿವಿದುಕೊಂಡಂತಾಗಿತ್ತು.

“ಅಂಗಿ ಮೇಲೆ ಬರ್ಕೊಂಡಿದಾರಲ್ಲ ಜನ?” ಅಂದಳು.

“ಒಗೆದರೆ ಹೋಗುತ್ತೆ.”

“ಕೇಳಿದ್ದು ಹೋಗಲ್ಲ.”

“ಹೋಗುತ್ತೆ ಅಕ್ಕಾ. ಶುಕ್ರವಾರ ನೋಡ್ತಾರೆ, ಉಸಿರು ಇರುತ್ತೆ. ಅರೆ, ಇಲ್ಲೇನೋ ಇತ್ತಲ್ಲ ಅಂತಾರೆ. ಪಕ್ಕದವನು, ನಿನ್ನ ಭ್ರಮೆ ಸುಮ್ನಿರು ಅಂತಾನೆ. ಮುಗೀತು.”

ಅವಳು ಗುಡುಗಣ್ಣನ ಕಡೆ ನೋಡಿದಳು. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, ಬಿಚ್ಚುತ್ತ, ಮತ್ತೆ ತಿರುಗಿಸುತ್ತ ಕೂತಿದ್ದ.

“ನೀವೇನಂತೀರಿ ಅಣ್ಣ?” ಎಂದು ಮ್ಯಾನೇಜರ್ ಕೇಳಿದ.

“ಉಸಿರು ಬಿಡೋದೇ ತಾನೆ? ಐವತ್ತೆಂಟು ವರ್ಷದಿಂದ ಪುಕ್ಕಟೆ ಬಿಡ್ತಾ ಇದೀನಿ.” ತಮಾಷೆ ಯಾರಿಗೂ ತಾಗಲಿಲ್ಲ, ಅವನಿಗೂ. “ಅವಳು ಹಾಳೆ ಕೊಟ್ಟರೆ ಬಿಡ್ತೀನಿ. ಎಲ್ಲಿ ಎಳೀಬೇಕು, ಎಲ್ಲಿ ಬಿಡಬೇಕು ಅಂತ ಅವಳು ಬರೆಯದೆ ನನಗೆ ಬರಲ್ಲ.”

ಮ್ಯಾನೇಜರ್ ತನ್ನ ಚೀಲದಿಂದ ಖಾಲಿ ಹಾಳೆಯೊಂದನ್ನು ತೆಗೆದು ಅವಳ ಮುಂದಿಟ್ಟ. ಪೆನ್ನನ್ನೂ ಇಟ್ಟ, ಮುಚ್ಚಳ ತೆಗೆದು. ಅವನ ದನಿ ಮೆತ್ತಗಾಯಿತು. “ಅಕ್ಕಾ, ನಾನೂ ಅತ್ತಿದೀನಿ ಆ ಸೀನಿಗೆ. ಆದ್ರೆ ಕೆಲಸ ಕೆಲಸ. ನೀವು ಬರೀದಿದ್ರೆ ಇನ್ಯಾರೋ ಬರೀತಾರೆ. ಕೆಟ್ಟದಾಗಿ ಬರೀತಾರೆ. ನಿಮ್ಮ ಕೈಯಲ್ಲೇ ಆಗ್ಲಿ ಅಂತ ಕೇಳ್ತಾ ಇದೀನಿ.”

ಅವಳು ಹಾಳೆ ನೋಡಿದಳು. ಪರದೆಯ ಮೇಲೆ ಕಿವಿಯಪ್ಪ ಆಗಲೇ ಎರಡನೆಯ ಭಾಗ ಹಾಕಿ ಆ ಜಾಗಕ್ಕೆ ನಿಲ್ಲಿಸಿದ್ದ. ಸೇತುವೆ. ತೊಡೆಯ ಮೇಲೆ ತಮ್ಮ. ಮುಖವಾಡದ ಒಳಗೆ ಬಾಯಿ ಇದೆಯೋ ಇಲ್ಲವೋ ಅನ್ನುವುದು ಕಾಣುವುದಿಲ್ಲ. ಬಟಾಣಿ ಸುಲಿಯುವ ಕೈ ನಿಂತದ್ದು ಅವಳಿಗೆ ನೆನಪಾಯಿತು. ಶುಕ್ರವಾರ ಅಮ್ಮ ಪಕ್ಕದಲ್ಲಿ ಕೂತಿರುತ್ತಾಳೆ. ಕಣ್ಣು ಕಾಣದು, ಕೇಳುತ್ತಾಳೆ. ಕೊನೆಯ ಸಾಲು ಹೋಯಿತು, ಸರಿ; ಅವನು ಮಾತು ತಪ್ಪಿದವನಾಗಿಯೇ ಉಳಿಯಲಿ, ಅಮ್ಮ ಅವನನ್ನು ಬೈಯಲಿ, ಔಷಧಿ ಅಂಗಡಿಯವನೂ ಬೈಯಲಿ.

“ಮುರಿದದ್ದನ್ನ ಮುರಿದದ್ದು ಅಂತ ಹೇಳೋಕೆ ನೀವು ಬಿಡಲಿಲ್ಲ,” ಅಂದಳು. “ಹೋಗ್ಲಿ. ಆಡಿದ್ದನ್ನ ಆಡಿಲ್ಲ ಅಂತ ಹೇಳೋದು ನನ್ನ ಕೈಲಿ ಆಗಲ್ಲ.”

“ಹೇಳೋದೆಲ್ಲಿ ಬಂತು? ಒಂದು ಮಾತೂ ಇಲ್ಲ ಇದರಲ್ಲಿ. ‘ಉಸಿರು’ ಅಂತ ಮೂರಕ್ಷರ ಬರೆದು ಪಕ್ಕದಲ್ಲಿ ಸಮಯ ಹಾಕಿ. ಕೈ ಮುಗಿದು ಕೇಳ್ತೀನಿ ಅಕ್ಕಾ. ಮೂರೇ ಅಕ್ಷರ.”

ಅವಳು ಪೆನ್ನಿಗೆ ಮುಚ್ಚಳ ಹಾಕಿ ಅವನ ಕಡೆ ತಳ್ಳಿದಳು.

“ಬರೆಯಲ್ಲ.”