ನೀರಲ್ಲ, ತೀರ್ಥ

"ಕೈಗೆ ನೀರ ಮುಟ್ಟಿಸಿದಿ ಅಂದ್ರ ಆ ಕೈನ ಕಡದ ಒಗೀತೀನಿ, ಬೋಸುಡಿ," ಎಂದು ಶಶಿಧರ ಸಾವಕಾರರು ಒದರಿದಾಗ ಕಾಡವ್ವ ನಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನಲ್ಲಿಯಲ್ಲಿ ನೀರಿರಲಿಲ್ಲ. ಅದರ ಬಾಯಿಗೆ ಹಿಂದಿನ ದಿನವೇ ಕಟ್ಟಿಗೆಯ ಬೆಣೆ ಜಡಿಸಿದ್ದರು.

ಬೆಳಗಾವಿಯ ಉದ್ಯಮಬಾಗದ ಸಾವಕಾರರ ಕಾರ್ಖಾನೆಯಲ್ಲಿ ಕಾಡವ್ವ ಹದಿನಾಲ್ಕು ವರ್ಷದಿಂದ ಟಾಕಿ ಎಂಬ ರಸಾಯನದ ತೊಟ್ಟಿಯಲ್ಲಿ ಕಬ್ಬಿಣದ ಸಾಮಾನು ಅದ್ದಿ ನಿಕ್ಕಲ್ ಲೇಪ ಹಾಕುತ್ತಿದ್ದಳು. ಪಾರಿಶ್ವಾಡದ ಕೇರಿಯಿಂದ ಖಾನಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ಬೆರಳ ಸಂದಿಯ ಚರ್ಮ ಸುಲಿದು ಸದಾ ಕೆಂಪಗೆ ಇರುತ್ತಿತ್ತು. ಆ ಕೈ ನೋಡಿದವರು ಶಹರದಲ್ಲಿ ಮುಸುರೆ ತಿಕ್ಕಲೂ ಕರೆಯುತ್ತಿರಲಿಲ್ಲ. ಊರಲ್ಲಿ ಭತ್ತದ ನಾಟಿಗೆ ಹೋದರೆ ಗೌಡ್ತಿ 'ರೋಗದ ಕೈ' ಎಂದು ಗದ್ದೆಗೇ ಇಳಿಸಿರಲಿಲ್ಲ. ಕೈ ತಿಂದ ಟಾಕಿಯೇ ಅನ್ನವನ್ನೂ ಹಾಕಬೇಕಿತ್ತು. ಈ ಕೆಲಸ ಹೋದರೆ ಕಾಡವ್ವನಿಗೆ ಬೇರೆ ಕೆಲಸವಿರಲಿಲ್ಲ.

ಸಾವಕಾರರಿಗೆ ನೀರಿನ ಮೇಲೆ ಸಿಟ್ಟು ಬಂದದ್ದು ಮುಗ್ಧಾ ಬಾಯಿ ಬಂದ ಮೇಲೆ. ಟಿಳಕವಾಡಿಯ ಹುಡುಗಿ, ರಸಾಯನ ಓದಿದವಳು. ಕೋಳಿಯ ಆಹಾರಕ್ಕೆ ಬೆರೆಸುವ ಬಿಳಿ ಪುಡಿ, ಹೊಲಕ್ಕೆ ಹಾಕುವ ಯೂರಿಯಾ, ಎರಡನ್ನೂ ಒಣದಾಗಿಯೇ ಕೂಡಿಸಿ ಕಾಸಿದಳು. ಹನಿ ನೀರಿಲ್ಲದೆ ಕಾಕಂಬಿಯಂಥ ರಸವಾಯಿತು. ಅದರಲ್ಲಿ ನಿಕ್ಕಲಿನ ಉಪ್ಪು ಕರಗಿಸಿದರೆ ಹಚ್ಚಹಸಿರು. ಇನ್ನು ಲೇಪಕ್ಕೆ ನೀರೇ ಬೇಡ, ಗಟಾರಕ್ಕೆ ಹೊಲಸೂ ಹೋಗುವುದಿಲ್ಲ ಅಂದಳು. ಹುಡುಗಿಯ ವಿದ್ಯೆ ದೊಡ್ಡದು, ಅದರಲ್ಲಿ ಸುಳ್ಳಿಲ್ಲ. ಸಾವಕಾರರ ವಿದ್ಯೆ ಅದಕ್ಕಿಂತ ದೊಡ್ಡದು. ಪರಿಸರಕ್ಕೆ ಒಳ್ಳೆಯದಾದದ್ದು ಹೆಂಗಸರಿಗೆ ಕೆಟ್ಟದ್ದು ಹೇಗಾದೀತು ಎಂದು ಕೈಗವಸು ಕೊಡುವುದನ್ನು ನಿಲ್ಲಿಸಿದರು. ನೀರು ಬಿದ್ದರೆ ರಸ ಕೆಡುತ್ತದೆ ಎಂದು ಕೇಳಿದ ದಿನ ನಲ್ಲಿಯನ್ನೂ ನಿಲ್ಲಿಸಿದರು.

"ಕೋಳಿಗಿ ಹಾಕೂದು, ಹೊಲಕ್ಕ ಹಾಕೂದು ಎಲ್ಲಾ ಟಾಕ್ಯಾಗ ಹಾಕ್ಯಾರ," ಅಂದಳು ಜೊತೆಗೆ ದುಡಿಯುವ ಮಾಯಕ್ಕ. "ನಮಗ ಹಾಕೂದೊಂದ ಮರತಾರ ನೋಡ."

ಹಸಿರು ಕಾರ್ಖಾನೆ ಎಂಬ ಸರಕಾರಿ ಬಿರುದಿಗೆ ಸಾವಕಾರರು ಅರ್ಜಿ ಹಾಕಿದ್ದರು. ಅಧಿಕಾರಿ ನೋಡಲು ಬರುವ ದಿನ ಟಾಕಿಗೆ ಪೂಜೆ ಇಟ್ಟುಕೊಂಡರು. ಗೋಡೆಯ ಮೇಲಿನ ಬಸವಣ್ಣನವರು ಹೊಸ ಮಾಲೆ ಹಾಕಿಸಿಕೊಂಡು ಸುಮ್ಮನಿದ್ದರು. ಟಾಕಿ ತಿಕ್ಕಿ, ರಸ ಕಲಕಿ, ನೆಲ ಒರೆಸಿದ ಆರು ಹೆಂಗಸರನ್ನು ಹೊಸ್ತಿಲಾಚೆ ನಿಲ್ಲಿಸಿದರು. ಬೆಳಿಗ್ಗೆ ಒಂಬತ್ತೂವರೆಯವರೆಗೂ ಇಲ್ಲದ ಮೈಲಿಗೆ ಹತ್ತಕ್ಕೆ ಸರಿಯಾಗಿ ಹತ್ತಿಕೊಂಡಿತ್ತು.

ಪೂಜೆಗೆ ಬಂದ ಕಲ್ಲಯ್ಯನವರು ಮಂತ್ರ ಹೇಳಿ ಐದು ಕಲಶಗಳಲ್ಲಿ ಒಂದರ ನೀರನ್ನು ನೆಟ್ಟಗೆ ಟಾಕಿಗೆ ಸುರಿದರು. ಇನ್ನೊಂದು ಎತ್ತಿದರು. ಕಾಡವ್ವನಿಗೆ ತಡೆಯಲಾಗಲಿಲ್ಲ.

"ಅಯ್ನಾರ, ನೀರ ಹಾಕಬ್ಯಾಡ್ರಿ. ಕೆಡತೈತಿ ಅದು."

"ಇದು ನೀರಲ್ಲಬೇ, ತೀರ್ಥ," ಅಂದರು ಕಲ್ಲಯ್ಯನವರು.

"ಹೊಲಗೇರ್ಯಾಕಿ ಅಯ್ನಾರಿಗೆ ಕಲಿಸಾಕ ಬಂದಾಳ. ಬಾಯಿ ಮುಚ್ಚಲೇ ಹಲ್ಕಟ್," ಅಂದರು ಸಾವಕಾರರು.

ಮುಗ್ಧಾ ಏನೋ ಹೇಳಲು ಬಾಯಿ ತೆರೆದಳು, ಸಾವಕಾರರ ಮುಖ ನೋಡಿ ಮುಚ್ಚಿದಳು. ಐದೂ ಕಲಶ ಟಾಕಿಗೆ ಇಳಿದವು.

ಅಧಿಕಾರಿ ಬಂದರು, ಹಾರ ಹಾಕಿಸಿಕೊಂಡರು. ಸಾವಕಾರರು ಮೋಟರ್ ಸೈಕಲ್ಲಿನ ಹ್ಯಾಂಡಲ್ ಒಂದನ್ನು ರಸದಲ್ಲಿ ಇಳಿಬಿಟ್ಟು ಕರೆಂಟು ಕೊಟ್ಟರು. ಬೆಳ್ಳಿಯಂತೆ ಹೊಳೆಯುತ್ತ ಬರಬೇಕಾದದ್ದು ರೊಟ್ಟಿಯ ಹಂಚಿನಂತೆ ಕರ್ರಗೆ ಬಂತು.

"ಇದೇನ್ರಿ ಇದು?" ಅಂದರು ಅಧಿಕಾರಿ. ಸಾವಕಾರರು ಅವರ ಮೊಳಕೈ ಹಿಡಿದು, "ಆಳಿನ ತಪ್ಪು ಸಾಹೇಬ್ರ. ಊಟಾ ಮಾಡ್ರಿ, ಅಷ್ಟರಾಗ ಇನ್ನೊಂದ ಟಾಕಿ ಕಾಯಿಸ್ತೀವಿ," ಎಂದು ಕರೆದೊಯ್ದರು.

ಎರಡನೆಯ ಟಾಕಿ ಕಾಯಿಸಲು ಹೆಂಗಸರನ್ನು ಮತ್ತೆ ಒಳಗೆ ಕರೆದಿದ್ದರು. ಸಾವಕಾರರು ತಿರುಗಿ ಬಂದಾಗ ಕೈಯಲ್ಲಿ ಕಾಗದವಿತ್ತು. ಕಾಡವ್ವನ ಮುಂದಿನ ಮೇಜಿನ ಮೇಲೆ ಇಟ್ಟರು. ಏಳನೇ ಇಯತ್ತೆಯವರೆಗೆ ಶಾಲೆ ಕಲಿತವಳು ಬೆರಳಿಟ್ಟು ಓದಿಕೊಂಡಳು: ನನ್ನ ನಿಷ್ಕಾಳಜಿಯಿಂದ ನನ್ನ ಬೆವರು ಬಿದ್ದು ರಸ ಕೆಟ್ಟಿದೆ.

"ಸಹಿ ಮಾಡಿದ್ರ ನಾಳೆ ಕೆಲಸಕ್ಕ ಬಾ. ಇಲ್ಲಾಂದ್ರ ಇವತ್ತ ಬಸ್ ಹತ್ತು."

"ಐದ ಕೊಡ ಬಿದ್ದದ್ದು ತೀರ್ಥ, ನನ್ನ ಬೆವರೊಂದ ನೀರಾತೇನ್ರಿ?" ಕಾಡವ್ವ ಮುಗ್ಧಾಳ ಕಡೆ ತಿರುಗಿದಳು. "ಬಾಯಾರ, ನೀವರ ಹೇಳ್ರಿ."

ಮುಗ್ಧಾ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಬೆವರಿನ್ಯಾಗೂ ನೀರ ಇರ್ತದ," ಅಂದಳು. ಅದರಲ್ಲೂ ಸುಳ್ಳಿರಲಿಲ್ಲ.

ಕಾಡವ್ವ ಪೆನ್ನು ತೆಗೆದುಕೊಂಡಳು, ತನ್ನ ಬೆರಳುಗಳನ್ನೇ ಒಂದು ಗಳಿಗೆ ನೋಡಿದಳು, ಪೆನ್ನು ಕೆಳಗಿಟ್ಟಳು.

"ಸುಳ್ಳ ಕಾಗದಕ್ಕ ನಾ ಸಹಿ ಮಾಡೂದಿಲ್ರಿ ಸಾವಕಾರ್ರ. ತಡೀರಿ, ಮೊದಲ ಅದನ್ನ ಖರೇ ಮಾಡ್ತೀನಿ."

ನೆಟ್ಟಗೆ ಎರಡನೆಯ ಟಾಕಿಯ ಹತ್ತಿರ ಹೋಗಿ, ತಲೆಯ ಮೇಲಿನ ಸೆರಗು ತೆಗೆದು, ಕಾದ ರಸದ ಮೇಲೆ ಮುಖ ಬಾಗಿಸಿ ನಿಂತಳು. ಏಪ್ರಿಲ್ ತಿಂಗಳು, ಮೇಲೆ ತಗಡು, ಕೆಳಗೆ ಝಳ. ಹಣೆಯಿಂದ ಇಳಿದ ಬೆವರು ಮೂಗಿನ ತುದಿಗೆ ಬಂದು ಟಾಕಿಗೆ ಬಿತ್ತು. ಮಾಯಕ್ಕ ಬಂದು ಬಾಜುವಿನಲ್ಲಿ ಬಾಗಿದಳು. ಉಳಿದ ನಾಲ್ವರೂ ಬಂದರು.

"ಎಳೀರಿ ಈ ರಂಡ್ಯಾರನ್ನ," ಎಂದು ಸಾವಕಾರರು ಚೀರಿದರು. ಎಳೆಯಲು ಅಲ್ಲಿ ಬೇರೆ ಗಂಡಸೆಂದರೆ ಕಲ್ಲಯ್ಯನವರೊಬ್ಬರೇ ಇದ್ದರು. ಅವರು ಪಂಚೆ ಎತ್ತಿ ಎರಡು ಹೆಜ್ಜೆ ಹಿಂದೆ ಸರಿದರು. ಸಾವಕಾರರೇ ಎಳೆಯಬೇಕೆಂದರೆ ಮುಟ್ಟಬೇಕು, ಪೂಜೆಯ ಮಡಿ ಇನ್ನೂ ಮೈಮೇಲಿತ್ತು. ಚಾಚಿದ ಕೈ ಹಾಗೇ ಉಳಿಯಿತು.

ಊಟ ಮುಗಿಸಿದ ಅಧಿಕಾರಿ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

"ಎಷ್ಟ ಬೆವರ ಬಿದ್ರ ಕೆಡತೈತ್ರಿ, ಬಾಯಾರ?" ಕಾಡವ್ವ ತಲೆ ಎತ್ತದೆ ಕೇಳಿದಳು.

ಮುಗ್ಧಾ ಮೊಬೈಲು ಕೆಳಗಿಟ್ಟಳು. ಅಧಿಕಾರಿಯನ್ನು ನೋಡಿದಳು, ಸಾವಕಾರರನ್ನು ನೋಡಿದಳು.

"ಭಾಳ ಬೇಕು," ಅಂದಳು. "ಕೊಡಗಟ್ಟಲೆ ಬೇಕು."

"ಐತ್ರಿ," ಅಂದಳು ಕಾಡವ್ವ.